ಧಣಿ ಕೂಗಳತೆಯಲ್ಲಿದ್ದ ಕಾಲ

ಒಂದು ಊರು ಉದ್ಧಾರವಾಯಿತೋ ಇಲ್ಲವೋ ಎಂದು ತಿಳಿಯಲು ಅರ್ಥಶಾಸ್ತ್ರಜ್ಞರ ಬಳಿ ನೂರೆಂಟು ಅಳತೆಗಳಿವೆ. ತಲಾ ಆದಾಯ, ಹೂಡಿಕೆ, ಬೆಳವಣಿಗೆಯ ದರ, ರಸ್ತೆಯ ಅಗಲ. ನನ್ನ ಬಳಿ ಇರುವುದು ಒಂದೇ: ಕಾರ್ಖಾನೆಯ ಗೇಟಿನಲ್ಲಿ ನಿಂತು ಗಟ್ಟಿಯಾಗಿ ಬೈದರೆ ಧಣಿಗೆ ಕೇಳಿಸುತ್ತದೆಯೇ? ಕೇಳಿಸಿದರೆ ಊರು ಇನ್ನೂ ಹಿಂದುಳಿದಿದೆ. ಕೇಳಿಸದಿದ್ದರೆ ಮುಂದುವರಿದಿದೆ. ಬೈಯಬೇಕಾದವನ ಹೆಸರೇ ಗೊತ್ತಿಲ್ಲದಿದ್ದರೆ ಜಾಗತಿಕ ಮಟ್ಟ ಮುಟ್ಟಿದೆ.

ಈ ಅಳತೆಯ ಪ್ರಕಾರ ಇಂಗ್ಲೆಂಡಿನ ಬ್ಯಾನ್‌ಬರಿ ಎಂಬ ಸಂತೆಯೂರು ಭಾರಿ ಪ್ರಗತಿ ಸಾಧಿಸಿದೆ. ಆಕ್ಸ್‌ಫರ್ಡ್‌ಶೈರಿನ ಉತ್ತರ ತುದಿ, ಚೆರ್ವೆಲ್ ನದಿಯ ದಂಡೆ, ಐವತ್ತು ಸಾವಿರ ದಾಟಿದ ಜನ. ನಮ್ಮ ಕಾನ್ವೆಂಟ್ ಮಕ್ಕಳಿಗೂ ಈ ಹೆಸರು ಗೊತ್ತು. ಕುದುರೆ ಹತ್ತಿ ಹೋಗಿ ಬಿಳಿ ಕುದುರೆಯ ಮೇಲಿನ ಚೆಂದದ ಹೆಂಗಸನ್ನು ನೋಡುವ ಶಿಶುಗೀತೆಯ ಬ್ಯಾನ್‌ಬರಿ ಕ್ರಾಸ್ ಇದೇ. ಹಾಡಿನಲ್ಲಿ ಹೇಳದ ಸಂಗತಿ ಏನೆಂದರೆ, ಊರಿನ ಹಳೆಯ ಶಿಲುಬೆಗಂಬವನ್ನು ಪ್ಯೂರಿಟನ್ನರು 1600ರಲ್ಲೇ ಕೆಡವಿದ್ದರು. ಈಗ ನಿಂತಿರುವುದು 1859ರದು, ವಿಕ್ಟೋರಿಯಾ ರಾಣಿಯ ಹಿರಿಮಗಳು ಪ್ರಷ್ಯಾದ ರಾಜಕುಮಾರನನ್ನು ಮದುವೆಯಾದ ನೆನಪಿಗೆ ಕಟ್ಟಿದ್ದು. ನಡುವಿನ ಇನ್ನೂರೈವತ್ತು ಚಿಲ್ಲರೆ ವರ್ಷ ಕುದುರೆ ಹತ್ತಿ ಹೋದವರು ಇಲ್ಲದ ಕ್ರಾಸನ್ನು ನೋಡಿ ಬಂದರು. ಇಲ್ಲದ್ದನ್ನು ತೋರಿಸಿ ಜನರನ್ನು ಕರೆಸಿಕೊಳ್ಳುವ ವಿದ್ಯೆಯನ್ನು ಆ ಊರು ಅಷ್ಟು ಹಿಂದೆಯೇ ಕಲಿತಿತ್ತು.

ಪ್ಯೂರಿಟನ್ನರ ಬಗ್ಗೆ ಇನ್ನೊಂದು ಮಾತು. 17ನೇ ಶತಮಾನದ ರಿಚರ್ಡ್ ಬ್ರಾಥ್‌ವೈಟ್ ಎಂಬ ಕವಿ ತನ್ನ ತಮಾಷೆಯ ಪ್ರವಾಸ ಪದ್ಯದಲ್ಲಿ ಬ್ಯಾನ್‌ಬರಿಯ ಒಬ್ಬ ಭಕ್ತನನ್ನು ಕಂಡದ್ದಾಗಿ ಬರೆದ. ಆತ ಸೋಮವಾರ ತನ್ನ ಬೆಕ್ಕನ್ನು ಗಲ್ಲಿಗೇರಿಸುತ್ತಿದ್ದನಂತೆ. ಅಪರಾಧ: ಭಾನುವಾರ ಇಲಿ ಹಿಡಿದದ್ದು. ವಾರದ ರಜೆಯ ನಿಯಮವನ್ನು ಇಷ್ಟು ನಿಷ್ಠೆಯಿಂದ ಜಾರಿ ಮಾಡಿದ ಅಧಿಕಾರಿ ಆಮೇಲೆ ಆ ಊರಿಗೆ ಸಿಗಲೇ ಇಲ್ಲ. ಈಗ ಹೆದ್ದಾರಿ ಪಕ್ಕದ ಗೋದಾಮುಗಳಲ್ಲಿ ಭಾನುವಾರವೂ ಪಾಳಿ ಉಂಟು. ಆ ಬೆಕ್ಕು ಇಂದು ಬದುಕಿದ್ದರೆ ಒಂದೇ ಇಲಿ ಹಿಡಿದದ್ದಕ್ಕೆ ಮೆಮೊ ಸಿಗುತ್ತಿತ್ತು.

ಮೊದಲು ಊರಿನ ಕಸುಬು ದನ, ಕುರಿ, ಉಣ್ಣೆ, ಚೀಸು, ಕೇಕು. ಬೀದಿಗಳಿಗೆ ಹಾರ್ಸ್ ಫೇರ್, ಕೌ ಫೇರ್, ಬುಚರ್ಸ್ ರೋ ಎಂದು ಹೆಸರು. ಯಾವ ಬೀದಿಯಲ್ಲಿ ಯಾವ ಸಗಣಿ ತುಳಿಯಬೇಕೆಂದು ಫಲಕವೇ ಹೇಳುತ್ತಿತ್ತು. ಬ್ಯಾನ್‌ಬರಿ ಚೀಸು ಎಷ್ಟು ತೆಳ್ಳಗಿತ್ತೆಂದರೆ ಶೇಕ್ಸ್‌ಪಿಯರ್ ತನ್ನ ಒಂದು ನಾಟಕದಲ್ಲಿ ಸಣಕಲನೊಬ್ಬನಿಗೆ ಅದರ ಹೆಸರಿನಲ್ಲೇ ಬೈಸಿದ್ದಾನೆ. ಒಣದ್ರಾಕ್ಷಿ ತುಂಬಿದ ಬ್ಯಾನ್‌ಬರಿ ಕೇಕು ಬುಟ್ಟಿಗಳಲ್ಲಿ ಹಡಗು ಹತ್ತಿ ಅಮೆರಿಕ, ಆಸ್ಟ್ರೇಲಿಯಾ, ಈಸ್ಟ್ ಇಂಡೀಸ್ ತನಕ ಹೋಗುತ್ತಿತ್ತು. ಆ ಕೇಕಿನ ಮೂಲ ಅಂಗಡಿಯನ್ನು 1968ರಲ್ಲಿ ಕೆಡವಿದರು. ಕೆಡವುವುದು ಅಲ್ಲಿನ ಅತ್ಯಂತ ಸ್ಥಿರವಾದ ಉದ್ಯಮ. ಉಳಿದವು ಬಂದು ಹೋಗುತ್ತವೆ. ಪ್ಲಷ್ ಎಂಬ ಮಖಮಲ್ಲಿನಂಥ ಬಟ್ಟೆಯ ನೇಯ್ಗೆ ಹಾಗೇ ಬಂತು, ಹಾಗೇ ಕೊವೆಂಟ್ರಿ ಕಡೆಗೆ ಹೋಯಿತು.

ಇನ್ನು ಧಣಿಗೆ ಬರೋಣ. ಬ್ಯಾನ್‌ಬರಿಯ ಮೊದಲ ದೊಡ್ಡ ಧಣಿ ಬರ್ನ್‌ಹಾರ್ಡ್ ಸ್ಯಾಮ್ಯುಯೆಲ್ಸನ್. ಹುಟ್ಟಿದ್ದು ಹ್ಯಾಂಬರ್ಗಿನಲ್ಲಿ. ಜೇಮ್ಸ್ ಗಾರ್ಡ್‌ನರ್ ಎಂಬಾತ ದನಕ್ಕೆ ಹಾಕುವ ಟರ್ನಿಪ್ ಗೆಡ್ಡೆ ಕತ್ತರಿಸುವ ಯಂತ್ರ ಮಾಡುತ್ತಿದ್ದ ಚಿಕ್ಕ ಕಾರ್ಖಾನೆಯನ್ನು 1848ರಲ್ಲಿ ಕೊಂಡು, ಬ್ರಿಟಾನಿಯಾ ವರ್ಕ್ಸ್ ಎಂದು ಬೆಳೆಸಿ, ವರ್ಷಕ್ಕೆ ಸಾವಿರಾರು ಕುಯ್ಲು ಯಂತ್ರಗಳನ್ನು ಹೊರಗೆ ಕಳಿಸಿದ. ವ್ಯವಹಾರದ ಸೊಗಸು ನೋಡಿ. ಯಂತ್ರ ಹಳ್ಳಿಗೆ ಹೋಗುತ್ತದೆ, ಕುಡುಗೋಲು ಹಿಡಿದವನಿಗೆ ಕೆಲಸ ತಪ್ಪಿಸುತ್ತದೆ. ಅವನು ಪಟ್ಟಣದ ದಾರಿ ಹಿಡಿಯುತ್ತಾನೆ, ಅದೇ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಸೇರಿ, ಹಳ್ಳಿಯಲ್ಲಿ ಉಳಿದಿರುವ ತಮ್ಮನ ಕೆಲಸಕ್ಕೆ ಬೇಕಾದ ಯಂತ್ರ ಮಾಡುತ್ತಾನೆ. ಕಚ್ಚಾವಸ್ತು ತಾನಾಗಿಯೇ ನಡೆದು ಬರುವ ಇಂಥ ಉದ್ಯಮ ಇನ್ನೊಂದಿಲ್ಲ.

ಆದರೆ ಧಣಿ ಊರಲ್ಲೇ ಇದ್ದ, ಅದು ಅವನ ದೌರ್ಬಲ್ಯ. ಊರ ಪಕ್ಕದ ಬೋಡಿಕೋಟಿನಲ್ಲಿ ಮನೆ ಮಾಡಿದ್ದ. ಅದೇ ಊರಿನಿಂದ 1859ರಲ್ಲಿ ಕೆಲ ತಿಂಗಳು, ಮತ್ತೆ 1865ರಿಂದ ಮೂವತ್ತು ವರ್ಷ ಪಾರ್ಲಿಮೆಂಟಿನಲ್ಲಿ ಕೂತ. 1872ರಲ್ಲಿ ಗುಪ್ತ ಮತದಾನ ಬರುವ ತನಕ ವೋಟನ್ನು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಬೇಕಿತ್ತು. ಸಂಬಳ ಕೊಡುವವನೇ ಅಭ್ಯರ್ಥಿಯಾಗಿರುವಾಗ ಬಾಯಿಂದ ಯಾವ ಹೆಸರು ಬರುತ್ತದೆಂದು ಊಹಿಸಲು ಸಮೀಕ್ಷೆ ಬೇಕಿಲ್ಲ. ಇಷ್ಟಾದರೂ ಒಂದು ಅನುಕೂಲವಿತ್ತು. ಕಾರ್ಮಿಕನಿಗೆ ಸಿಟ್ಟು ಬಂದರೆ ಭಾನುವಾರ ನಡೆದುಕೊಂಡು ಹೋಗಿ ಬೋಡಿಕೋಟಿನ ಬೇಲಿಯನ್ನಾದರೂ ದುರುಗುಟ್ಟಿ ನೋಡಿ ಬರಬಹುದಿತ್ತು. ಧಣಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಇರಬೇಕು, ಕಾರ್ಮಿಕರು ಓದಲೆಂದು ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಕಟ್ಟಡಕ್ಕೆ ದುಡ್ಡು ಕೊಟ್ಟ, ತಾಂತ್ರಿಕ ಶಿಕ್ಷಣದ ರಾಯಲ್ ಆಯೋಗಕ್ಕೂ ಅಧ್ಯಕ್ಷನಾದ. ದಾನಬುದ್ಧಿಗೂ ದೂರಕ್ಕೂ ಇರುವ ಸಂಬಂಧವನ್ನು ಯಾರಾದರೂ ಸಂಶೋಧಿಸಬೇಕು. ಮನೆ ಹತ್ತಿರವಿದ್ದಷ್ಟೂ ಔದಾರ್ಯ ಹೆಚ್ಚು ಎಂಬುದು ನನ್ನ ಗುಮಾನಿ.

ಬ್ರಿಟಾನಿಯಾ ವರ್ಕ್ಸ್ 1933ರಲ್ಲಿ ಬಾಗಿಲು ಹಾಕಿತು. ಊರು ಅಳುವ ಮೊದಲೇ ಹೊಸ ಧಣಿ ಬಂದಾಗಿತ್ತು. 1931ರಲ್ಲಿ ಸೌದಮ್ ರಸ್ತೆಯಲ್ಲಿ ನಾರ್ದರ್ನ್ ಅಲ್ಯೂಮಿನಿಯಂ ಕಂಪನಿ ತೆರೆದಿತ್ತು. ಮುಂದೆ ಅದರ ಹೆಸರು ಆಲ್ಕನ್. ಊರಿನವರ ಬಾಯಲ್ಲಿ 'ಆಲಿ'. ಒಡೆತನ ಕೆನಡಾದ್ದು. ಅಂದರೆ ಮೂರು ಸಾವಿರ ಮೈಲಿ ಸಮುದ್ರ ದಾಟಿ ಬೈಗುಳ ಕಳಿಸಬೇಕು. ಪ್ರಗತಿ ಶುರುವಾದದ್ದು ಹೀಗೆ.

ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಅಲ್ಯೂಮಿನಿಯಂ ಸ್ಪಿಟ್‌ಫೈರ್ ವಿಮಾನಗಳಿಗೆ ಹೋಗುತ್ತಿತ್ತು. ಜರ್ಮನ್ ಬಾಂಬರುಗಳನ್ನು ದಾರಿ ತಪ್ಪಿಸಲು ಊರ ಉತ್ತರಕ್ಕೆ ಒಂದು ಸುಳ್ಳು ಕಾರ್ಖಾನೆಯನ್ನೇ ಕಟ್ಟಿದ್ದರು. ಒಳಗೆ ಏನೂ ಇಲ್ಲ, ಆಕಾಶದಿಂದ ನೋಡಿದರೆ ಎಲ್ಲವೂ ಇದೆ. ಯುದ್ಧ ಮುಗಿದ ಮೇಲೂ ಈ ಕಲೆ ನಶಿಸಲಿಲ್ಲ. ಇಂದಿನ ಡೆವಲಪರುಗಳ ನುಣುಪು ಕಾಗದದ ಕರಪತ್ರಗಳಲ್ಲಿ ಬಿಸಿಲು, ಮರ, ಕಾಫಿ ಕಪ್ಪು ಹಿಡಿದು ನಗುವ ಉದ್ಯೋಗಿಗಳು ಕಾಣುತ್ತಾರಲ್ಲ, ಅದು ಅದೇ ಘರಾನೆ. ವ್ಯತ್ಯಾಸ ಒಂದೇ: ಆಗ ಮೋಸ ಹೋಗಬೇಕಾದವರು ಶತ್ರುಗಳಾಗಿದ್ದರು.

ಅಲ್ಯೂಮಿನಿಯಂ ಜತೆಗೆ ಹೊರಗಿನ ಜನರೂ ಬಂದರು. ಉತ್ತರ ಇಂಗ್ಲೆಂಡಿನವರು, ವೇಲ್ಸಿನವರು, ಕೆಲಸ ಸತ್ತ ಊರುಗಳಿಂದ ಎದ್ದು ಬಂದವರು. ಸಂತೆಯೂರಿನ ಹಳಬರಿಗೆ ಇರಿಸುಮುರಿಸು. ಈ ಇರಿಸುಮುರಿಸು ಎಷ್ಟು ಶ್ರೇಷ್ಠ ದರ್ಜೆಯದೆಂದರೆ, ಮಾರ್ಗರೆಟ್ ಸ್ಟೇಸಿ ಎಂಬ ಸಮಾಜಶಾಸ್ತ್ರಜ್ಞೆ 1948ರಿಂದ 51ರ ತನಕ ಊರನ್ನು ಅಧ್ಯಯನ ಮಾಡಿ 1960ರಲ್ಲಿ ಪುಸ್ತಕ ತಂದರು. ಬ್ರಿಟಿಷ್ ಸಮಾಜಶಾಸ್ತ್ರದಲ್ಲಿ ಅದು ಹೆಸರಾಂತ ಕೃತಿ. ಊರಿನಲ್ಲಿ ಎರಡು ಬಗೆಯ ಜನ ಇದ್ದಾರೆ, ಸಂಪ್ರದಾಯಕ್ಕೆ ಅಂಟಿಕೊಂಡವರು ಮತ್ತು ಅಂಟದವರು ಎಂದು ಅವರು ಕಂಡುಕೊಂಡರು. ಹತ್ತಾರು ವರ್ಷಗಳ ನಂತರ ಮತ್ತೆ ತಂಡ ಕಟ್ಟಿಕೊಂಡು ಹೋಗಿ 1975ರಲ್ಲಿ ಇನ್ನೊಂದು ಪುಸ್ತಕವನ್ನೂ ಹೊರತಂದರು. ಸಂಪ್ರದಾಯಸ್ಥರು, ಸಂಪ್ರದಾಯ ಮೀರಿದವರು, ಇಬ್ಬರೂ ಸಾಯಂಕಾಲ ಬೇರೆ ಬೇರೆ ಕ್ಲಬ್ಬಿಗೆ ಹೋಗಿರಬಹುದು. ಕಾರ್ಖಾನೆ ಮುಚ್ಚಿದ ದಿನ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು.

ಈಗ ಕಸ್ಟರ್ಡಿನ ಕಥೆ. ಇದು ಬ್ಯಾನ್‌ಬರಿಯ ಪುರಾಣಗಳಲ್ಲೇ ಅತಿ ಸ್ವಾರಸ್ಯದ್ದು, ಅವತಾರಗಳ ಸಂಖ್ಯೆಯಲ್ಲಿ ವಿಷ್ಣುವಿಗೆ ಹತ್ತಿರ ಹತ್ತಿರ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲವೆಂದು ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಕಂಡುಹಿಡಿದ. ನಮ್ಮ ಸಸ್ಯಾಹಾರಿ ಮದುವೆಮನೆಗಳ ಫ್ರೂಟ್ ಸಲಾಡು ಆ ಮಹಾತಾಯಿಯ ಅಲರ್ಜಿಗೆ ಋಣಿ. 1947ರಲ್ಲಿ ಬರ್ಡ್ಸ್ ಕಂಪನಿಯನ್ನು ಅಮೆರಿಕದ ಜನರಲ್ ಫುಡ್ಸ್ ಕೊಂಡಿತು. 1960ರ ದಶಕದ ನಡುವಿನಲ್ಲಿ ಕಾರ್ಖಾನೆ ಬರ್ಮಿಂಗ್‌ಹ್ಯಾಮ್ ಬಿಟ್ಟು ಬ್ಯಾನ್‌ಬರಿಗೆ ಬಂತು, ಕೆಲಸಗಾರರ ಸಂಸಾರಗಳೂ ಗಂಟುಮೂಟೆ ಕಟ್ಟಿಕೊಂಡು ಬಂದವು. 1985ರಲ್ಲಿ ಜನರಲ್ ಫುಡ್ಸನ್ನು ಫಿಲಿಪ್ ಮಾರಿಸ್ ನುಂಗಿತು. ಹೌದು, ಅದೇ ಸಿಗರೇಟಿನವರು. ಹೆಂಡತಿಯ ಆರೋಗ್ಯ ಕಾಪಾಡಲು ಹುಟ್ಟಿದ ತಿಂಡಿ ಕೊನೆಗೆ ಹೊಗೆಸೊಪ್ಪಿನವರ ಉಡಿಗೆ ಬಿತ್ತು. ಆಮೇಲೆ ಕ್ರಾಫ್ಟ್ ಎಂಬ ಹೆಸರು, ಕ್ರಾಫ್ಟ್‌ನ ಹಿಂದೆ ಮುಂದೆ ಸೇರಿಕೊಂಡ ಇನ್ನಷ್ಟು ಹೆಸರುಗಳು, 2012ರಲ್ಲಿ ಮೊಂಡಲೀಜ್, 2015ರಲ್ಲಿ ಜೇಕಬ್ಸ್ ಡೌವೆ ಎಗ್ಬರ್ಟ್ಸ್. ಈ ಗದ್ದಲದ ನಡುವೆ ಕಸ್ಟರ್ಡಿನ ಬ್ರಾಂಡು ಬೇರೆ ಕಂಪನಿಗೆ ಮಾರಾಟವಾಗಿ ಕೈಬಿಟ್ಟುಹೋಯಿತು. ಬರ್ಮಿಂಗ್‌ಹ್ಯಾಮಿನಲ್ಲಿ ಬಿಟ್ಟುಬಂದ ಹಳೆಯ ಕಟ್ಟಡ ಈಗ 'ಕಸ್ಟರ್ಡ್ ಫ್ಯಾಕ್ಟರಿ' ಎಂಬ ಹೆಸರಿನ ಕಲೆ, ಡಿಜಿಟಲ್ಲು, ಗಡ್ಡದ ಯುವಕರ ತಾಣ. ಬ್ಯಾನ್‌ಬರಿಗೆ ಉಳಿದದ್ದು ಇನ್‌ಸ್ಟೆಂಟ್ ಕಾಫಿ ಮತ್ತು ಗಾಳಿ ಬೀಸಿದ ಕಡೆಗೆಲ್ಲ ಹರಡುವ ಅದರ ಘಮ. ಗೇಟಿನ ಬೋರ್ಡು ಬರೆಯುವವನಿಗೆ ಮಾತ್ರ ಇಷ್ಟೂ ಕಾಲ ಖಾಯಂ ಕೆಲಸ ಇತ್ತು.

ಆ ಘಮದ ಬೆಲೆ 2020-21ರಲ್ಲಿ ಗೊತ್ತಾಯಿತು. ಕೋವಿಡ್ ಕಾಲ. ಜಗತ್ತೆಲ್ಲ ಮನೆಯಲ್ಲಿ ಕೂತು ಕಾಫಿ ಕಲಸಿಕೊಂಡು ಕುಡಿಯುತ್ತಿತ್ತು. ಬ್ಯಾನ್‌ಬರಿಯ ಕಾರ್ಖಾನೆ ಒಂದು ದಿನವೂ ತಪ್ಪದೆ ಅದನ್ನು ಒದಗಿಸಬೇಕಿತ್ತು. ಕೆಲಸಗಾರರಿಗೆ 'ಅತ್ಯಗತ್ಯ ನೌಕರರು' ಎಂಬ ಬಿರುದು ಸಿಕ್ಕಿತು. ಅದೇ ಉಸಿರಿನಲ್ಲಿ ಆಡಳಿತ ವರ್ಗ ಹೊಸ ಕರಾರುಗಳನ್ನು ಮುಂದಿಟ್ಟಿತು. ಒಪ್ಪದಿದ್ದರೆ ಕೆಲಸದಿಂದ ತೆಗೆದು, ಹೊಸ ಷರತ್ತಿನ ಮೇಲೆ ಮತ್ತೆ ಸೇರಿಸಿಕೊಳ್ಳುವ ಬೆದರಿಕೆ. ಬ್ರಿಟನ್ನಿನಲ್ಲಿ ಇದಕ್ಕೆ 'ಫೈರ್ ಅಂಡ್ ರೀಹೈರ್' ಎನ್ನುತ್ತಾರೆ. ಕೆಲವರ ವಾರ್ಷಿಕ ಗಳಿಕೆಯಲ್ಲಿ ಸಾವಿರಾರು ಪೌಂಡು ಕಡಿತವಾಗುತ್ತದೆ ಎಂದು ಯುನೈಟ್ ಕಾರ್ಮಿಕ ಸಂಘ ಲೆಕ್ಕ ಕೊಟ್ಟಿತು. ಸುಮಾರು ಮುನ್ನೂರು ಜನ 'ಬ್ಯಾನ್‌ಬರಿ 300' ಎಂದು ಹೆಸರಿಟ್ಟುಕೊಂಡು 2021ರ ಮೇ ತಿಂಗಳಿಂದ ಸರದಿಯ ಮೇಲೆ ಮುಷ್ಕರ ಹೂಡಿದರು. ಆ ಬೇಸಿಗೆಯಲ್ಲೇ ಒಪ್ಪಂದವೂ ಆಯಿತು.

ನನಗೆ ಕುತೂಹಲ ಇರುವುದು ಅವರು ಕೂಗಿದ್ದು ಯಾರ ಕಿವಿಗೆ ಎಂಬುದರಲ್ಲಿ. ಗೇಟಿನ ಒಳಗೆ ಇದ್ದವರು ಮ್ಯಾನೇಜರುಗಳು, ಅವರೂ ಸಂಬಳದವರೇ. ಕಂಪನಿಯ ಮುಖ್ಯ ಕಚೇರಿ ಆಮ್‌ಸ್ಟರ್‌ಡ್ಯಾಮಿನಲ್ಲಿ. ಆಗ ಆ ಕಂಪನಿಯ ದೊಡ್ಡ ಪಾಲು ಲಕ್ಸೆಂಬರ್ಗಿನ ಜೆಎಬಿ ಎಂಬ ಹೋಲ್ಡಿಂಗ್ ಕಂಪನಿಯದಾಗಿತ್ತು. ಅದರ ಹಿಂದೆ ಇರುವುದು ಜರ್ಮನಿಯ ಒಂದು ಶ್ರೀಮಂತ ಮನೆತನದ ಹಣ. ಸ್ಯಾಮ್ಯುಯೆಲ್ಸನ್ ಕಾಲದಲ್ಲಿ ಬೋಡಿಕೋಟಿನ ಬೇಲಿ ತನಕ ನಡೆದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಪಾಸ್‌ಪೋರ್ಟು ಬೇಕು. ಬ್ರೆಕ್ಸಿಟ್ ಆದ ಮೇಲೆ ಸಾಲಿನಲ್ಲೂ ನಿಲ್ಲಬೇಕು. ಇದೂ ಸಾಲದೆಂಬಂತೆ 2025ರ ಆಗಸ್ಟಿನಲ್ಲಿ ಅಮೆರಿಕದ ಕ್ಯೂರಿಗ್ ಡಾಕ್ಟರ್ ಪೆಪ್ಪರ್ ಎಂಬ ಪಾನೀಯದ ಕಂಪನಿ ಇಡೀ ಕಾಫಿ ಸಾಮ್ರಾಜ್ಯವನ್ನು ಕೊಳ್ಳುವುದಾಗಿ ಘೋಷಿಸಿತು. ಬೋರ್ಡು ಬರೆಯುವವನು ಬಣ್ಣ ಕಲಸಿಕೊಳ್ಳಲಿ.

ಅತ್ತ ಆಲಿಯ ಶೆಡ್ಡುಗಳೂ ಈ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ನೆಲಕ್ಕೊರಗಿದವು. ದನದ ಸಂತೆ ಅದಕ್ಕಿಂತ ಮೊದಲೇ ಹೋಗಿತ್ತು. ಬೀದಿಗಳಿಂದ ಎದ್ದು ರೈಲು ನಿಲ್ದಾಣದ ಆಚೆ ಗ್ರಿಮ್ಸ್‌ಬರಿಗೆ ಹೋಗಿ, ಯೂರೋಪಿನಲ್ಲೇ ಅತಿ ದೊಡ್ಡದೆಂದು ಹೆಸರು ಮಾಡಿದ್ದ ಆ ಮಾರುಕಟ್ಟೆ, ಹುಚ್ಚು ಹಸು ರೋಗದ ಗಲಾಟೆಯ ಬೆನ್ನಿಗೇ 1998ರಲ್ಲಿ ಮುಚ್ಚಿತು. ಈಗ ಅಲ್ಲಿ ಮನೆಗಳಿವೆ. ದನ ಕಟ್ಟುತ್ತಿದ್ದ ಜಾಗದಲ್ಲಿ ಈಗ ಕಟ್ಟುವುದು ಗೃಹಸಾಲದ ಕಂತು. 2005ರಲ್ಲಿ ಬ್ಯಾನ್‌ಬರಿ ಕ್ರಾಸಿನ ಹತ್ತಿರ ಶಿಶುಗೀತೆಯ ಬಿಳಿ ಕುದುರೆ ಮತ್ತು ಚೆಂದದ ಹೆಂಗಸಿನ ಪ್ರತಿಮೆ ನಿಲ್ಲಿಸಿ ರಾಜಕುಮಾರಿ ಆನ್ ಕೈಯಲ್ಲಿ ಅನಾವರಣ ಮಾಡಿಸಿದರು. ಹಾರ್ಸ್ ಫೇರ್ ಬೀದಿಗೆ ಕೊನೆಗೂ ಒಂದು ಕುದುರೆ ದಕ್ಕಿತು. ಮೇವು ಬೇಡ, ಲಾಯ ಬೇಡ, ಲಾಳ ಬೇಡ. ಯಾವ ಧಣಿಯಾದರೂ ಬಯಸುವಂಥ ಆದರ್ಶ ನೌಕರ.

1991ರಲ್ಲಿ ಎಂ40 ಹೆದ್ದಾರಿ ಪೂರ್ತಿಯಾದ ಮೇಲೆ ಊರಿನ ನಸೀಬು ಜಂಕ್ಷನ್ 11ರ ಕಡೆ ತಿರುಗಿತು. ಲಂಡನ್ನಿಗೂ ಬರ್ಮಿಂಗ್‌ಹ್ಯಾಮಿಗೂ ನಡುವೆ, ಸಾಮಾನು ಇಳಿಸಿ ಏರಿಸಲು ಹೇಳಿ ಮಾಡಿಸಿದ ಜಾಗ. ಒಂದರ ಪಕ್ಕ ಒಂದು ಬೂದು ಬಣ್ಣದ ಭಾರಿ ಗೋದಾಮುಗಳು ಎದ್ದವು. ಹಿಂದೆ ಊರು ತಾನು ಮಾಡಿದ್ದನ್ನು ಮಾರುತ್ತಿತ್ತು. ಈಗ ಬೇರೆಲ್ಲೋ ಮಾಡಿದ್ದನ್ನು ಬೇರೆಲ್ಲಿಗೋ ಹೋಗುವ ತನಕ ಕಾಯುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಗೋದಾಮಲ್ಲ. ಡೇವಿಡ್ ರಿಚರ್ಡ್ಸ್ 1984ರಲ್ಲಿ ಕಟ್ಟಿದ ಪ್ರೊಡ್ರೈವ್ ಕಂಪನಿ ಬ್ಯಾನ್‌ಬರಿಯಲ್ಲಿ ಮಾಡಿದ ಸುಬಾರು ಕಾರಿನಲ್ಲೇ ಕಾಲಿನ್ ಮಕ್‌ರೇ 1995ರ ವಿಶ್ವ ರ‍್ಯಾಲಿ ಪಟ್ಟ ಗೆದ್ದ. ಕಾರು ಜಪಾನಿನ ಹೆಸರಿನದು, ಚಾಲಕ ಸ್ಕಾಟ್ಲೆಂಡಿನವನು, ಆದರೂ ಕೈ ಮಸಿ ಮಾಡಿಕೊಂಡವರು ಊರಿನವರು ಎಂಬ ಹೆಮ್ಮೆ ಅದು, ಸುಳ್ಳಲ್ಲ. ಫಾರ್ಮುಲಾ ಒನ್ ಕೂಡ ಬಂತು. ಮಾರುಸಿಯಾ ಎಂಬ ರಷ್ಯನ್ ಹೆಸರಿನ ತಂಡ 2014ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಅದರ ಬ್ಯಾನ್‌ಬರಿ ಕಟ್ಟಡವನ್ನು ಅಮೆರಿಕದ ಹಾಸ್ ತಂಡ ಕೊಂಡಿತು. ಧಣಿ ಅಮೆರಿಕದಲ್ಲಿ, ಎಂಜಿನ್ನು ಇಟಲಿಯ ಫೆರಾರಿಯದು, ನಡುವಿನ ದುಡಿಮೆಯ ಒಂದು ಪಾಲು ಬ್ಯಾನ್‌ಬರಿಯದು. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರುವ ಈ ಉದ್ಯಮಕ್ಕೆ ಆ ಊರಿಗಿಂತ ಯೋಗ್ಯ ಜಾಗ ಬೇರೆ ಎಲ್ಲಿ ಸಿಗಬೇಕು.

ಕೆಡವುವ ಉದ್ಯಮದ ಬಗ್ಗೆ ಹೇಳಿದ್ದೆ. ಊರಿಗೊಂದು ಕೋಟೆಯಿತ್ತು. ಅಂತರ್ಯುದ್ಧದಲ್ಲಿ ಎರಡು ಸಲ ಮುತ್ತಿಗೆ ತಿಂದು ಬೇಸತ್ತ ಊರಿನವರೇ ಪಾರ್ಲಿಮೆಂಟಿಗೆ ಅರ್ಜಿ ಹಾಕಿ 1648ರಲ್ಲಿ ಅದನ್ನು ಕೆಡವಿಸಿ, ಕಲ್ಲನ್ನು ತಮ್ಮ ಮನೆ ರಿಪೇರಿಗೆ ಬಳಸಿಕೊಂಡರು. ಇತಿಹಾಸದಲ್ಲಿ ಊರಿನವರು ಧಣಿಯಿಂದ ನಿಜವಾದ ಪರಿಹಾರ ವಸೂಲಿ ಮಾಡಿದ್ದು ಬಹುಶಃ ಆ ಒಂದೇ ಸಲ. ಈಗ ಅಲ್ಲಿ ಕಾಸಲ್ ಕೀ ಎಂಬ ಮಾಲ್ ಇದೆ. 1778ರಲ್ಲಿ ಊರಿಗೆ ಬಂದ ಆಕ್ಸ್‌ಫರ್ಡ್ ಕಾಲುವೆ ಅದರ ಮಗ್ಗುಲಲ್ಲೇ ಹರಿಯುತ್ತದೆ. 1790ರ ಟೂಲೀಸ್ ದೋಣಿಕಟ್ಟೆ ಮಾಲಿನ ನಡುವೆ ಸಿಕ್ಕಿಕೊಂಡು ಪ್ರದರ್ಶನದ ವಸ್ತುವಾಗಿ ಉಳಿದಿದೆ. ಮಾಲಿನ ವ್ಯಾಪಾರ ಇಳಿಮುಖವಾದಾಗ ಜಿಲ್ಲಾ ಕೌನ್ಸಿಲ್ಲೇ 2018ರಲ್ಲಿ ಅದನ್ನು ಕೊಂಡಿತು. ದೊಡ್ಡ ಅಂಗಡಿಗಳು ಒಂದೊಂದಾಗಿ ಎದ್ದು ಹೋದವು. ಕೊನೆಗೆ ಕೌನ್ಸಿಲ್ ಬೋಡಿಕೋಟಿನಲ್ಲಿದ್ದ ತನ್ನ ಕಚೇರಿಯನ್ನೇ ಮಾಲಿಗೆ ಸಾಗಿಸಲು ತೀರ್ಮಾನಿಸಿತು. ಬಾಡಿಗೆದಾರ ಸಿಗದ ಮನೆಯೊಡೆಯ ತಾನೇ ಬಾಡಿಗೆಗೆ ಬಂದ. ಅಂದಹಾಗೆ ಇಷ್ಟು ವರ್ಷಗಳಲ್ಲಿ ಬ್ಯಾನ್‌ಬರಿಯವರ ಕೂಗಿಗೆ ಹತ್ತಿರ ಬಂದ ಧಣಿ ಇವನೊಬ್ಬನೇ.

ಇದೆಲ್ಲ ಏಳು ಸಮುದ್ರದಾಚೆಯ ಕಥೆ, ನಮಗೇಕೆ ಎನ್ನುವವರು ಬೆಳಗಾವಿಯವರನ್ನು ಕೇಳಬೇಕು. ಬ್ಯಾನ್‌ಬರಿಯ ಆಲ್ಕನ್ ನಮ್ಮ ಇಂಡಾಲ್‌ನ ದೊಡ್ಡ ಪಾಲುದಾರನೂ ಆಗಿತ್ತು. ಬೆಳಗಾವಿಯ ಅಲ್ಯೂಮಿನಿಯಂ ಕಾರ್ಖಾನೆ ಆ ಇಂಡಾಲ್‌ನದಾಗಿತ್ತು. 2000ದಲ್ಲಿ ಆಲ್ಕನ್ ತನ್ನ ಪಾಲನ್ನು ಬಿರ್ಲಾ ಬಳಗದ ಹಿಂಡಾಲ್ಕೋಗೆ ಮಾರಿ ಹೋಯಿತು. 2005ರಲ್ಲಿ ತಗಡು ತಯಾರಿಸುವ ಬಹುಪಾಲು ವ್ಯವಹಾರವನ್ನು ನೊವೆಲಿಸ್ ಎಂಬ ಹೆಸರಿನಲ್ಲಿ ಬೇರೆ ಮಾಡಿತು. 2007ರಲ್ಲಿ ಅದನ್ನೂ ಹಿಂಡಾಲ್ಕೋ ಕೊಂಡಿತು. ಅದೇ ವರ್ಷ ಉಳಿದ ಆಲ್ಕನ್ ರಿಯೊ ಟಿಂಟೊ ಹೊಟ್ಟೆ ಸೇರಿತು. ನಾವು ಪೇಪರಿನಲ್ಲಿ ಓದಿ ಎದೆಯುಬ್ಬಿಸಿದೆವು, ಬಿಳಿಯರ ಕಂಪನಿಗೆ ನಮ್ಮವರೇ ಧಣಿ ಎಂದು. ಅಮೆರಿಕದಲ್ಲೋ ಜರ್ಮನಿಯಲ್ಲೋ ನೊವೆಲಿಸ್ ಗೇಟಿನ ಮುಂದೆ ನಿಂತು ಬೈಯುವವನಿಗೆ ಈಗ ಮುಂಬೈಯೇ ದೂರದ ಊರು. ಆ ದೂರದಲ್ಲಿ ಕೂತವರು ನಮ್ಮವರೆಂಬುದು ಅವನಿಗೆ ಎಷ್ಟರಮಟ್ಟಿಗೆ ಸಮಾಧಾನ ಕೊಡುತ್ತದೋ, ಬಿರ್ಲಾ ನಮ್ಮವರೆಂಬುದು ನಮಗೂ ಅಷ್ಟೇ ಸಂಬಳ ಕೊಡುತ್ತದೆ.

ಆದ್ದರಿಂದ ಜಿಲ್ಲೆ ಜಿಲ್ಲೆಗಳಲ್ಲಿ ಹೂಡಿಕೆದಾರರ ಸಮಾವೇಶಕ್ಕೆ ಹೂವಿನ ಹಾರ, ಮೈಸೂರು ಪೇಟ, ಗಂಧದ ಪೆಟ್ಟಿಗೆ ಹಿಡಿದು ಸಾಲಾಗಿ ನಿಲ್ಲುವ ಮಾನ್ಯರಲ್ಲಿ ಒಂದೇ ವಿನಂತಿ. ಜಮೀನು ಕೊಡಿ, ನೀರು ಕೊಡಿ, ತೆರಿಗೆ ಬಿಡಿ, ನಿಮ್ಮ ಇಷ್ಟ. ಪೇಟ ತೊಡಿಸುವ ಮುನ್ನ ಧಣಿಯ ವಿಳಾಸ ಬರೆಸಿಕೊಳ್ಳಿ. ಕಚೇರಿಯದು ಬೇಡ, ಮನೆಯದು.